ತಂಗಿ ಜರ್ಮನಿಗೆ ಓದಲು ಹೊರಟಿದ್ದಾಳೆ, ಏನು ಕಲಿಸಿ ಕಳಿಸಲಿ?

ಕೇಳಿದ್ದು: ನಮ್ಮದು ದಾವಣಗೆರೆ, ವಿದ್ಯಾನಗರ. ತಂಗಿ ಇಲ್ಲೇ ಬಿಇ ಮುಗಿಸಿದ್ದಾಳೆ. ಅಕ್ಟೋಬರ್‌ಗೆ ಸ್ಟುಟ್‌ಗಾರ್ಟ್‌ನಲ್ಲಿ ಮಾಸ್ಟರ್ಸ್ ಶುರು. ವೀಸಾ, ಸಾಲ ಎರಡೂ ಆಗಿವೆ. ಆದರೆ ಒಂದು ದಿನವೂ ಮನೆ ಬಿಟ್ಟು ಇದ್ದವಳಲ್ಲ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಬರೀ ಸೂಟ್‌ಕೇಸ್ ವಿಷಯ. ಅಲ್ಲಿ ದಿನ ಕಳೆಯೋದು ಹೇಗಿರುತ್ತೆ? ಹೋಗಿ ಇದ್ದವರು, ಮಕ್ಕಳನ್ನು ಕಳಿಸಿದವರು ಹೇಳಿ.

ದಾವಣಗೆರೆಯವನು, ಸ್ಟುಟ್‌ಗಾರ್ಟ್‌ನಲ್ಲೇ ಓದಿದವನು:

ಅಣ್ಣ, ಸೂಟ್‌ಕೇಸ್ ಮೊದಲು ಮುಗಿಸಿಬಿಡೋಣ. ಬೆಣ್ಣೆ, ತುಪ್ಪ, ಪೇಡ ಯಾವುದನ್ನೂ ಕಟ್ಟಬೇಡಿ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಯುರೋಪಿಗೆ ತರುವಂತಿಲ್ಲ. ಸಿಕ್ಕರೆ ಏರ್‌ಪೋರ್ಟಲ್ಲೇ ಕಿತ್ತುಕೊಳ್ಳುತ್ತಾರೆ. ಹಸಿ ಕರಿಬೇವೂ ಅಷ್ಟೇ. ಶೇಂಗಾ ಚಟ್ನಿಪುಡಿ, ಸಾರಿನ ಪುಡಿ ಸಾಕು. ಬೆಣ್ಣೆ ಅಲ್ಲೂ ಚೆನ್ನಾಗಿರೋದೇ ಸಿಗುತ್ತೆ. ಚಳಿಗೆ ದೋಸೆ ಹಿಟ್ಟು ಹುಳಿ ಬರೋದೇ ತಾಪತ್ರಯ. ಓವನ್ ಒಳಗೆ ಬರೀ ಲೈಟ್ ಹಾಕಿ ರಾತ್ರಿ ಇಟ್ಟರೆ ಉಬ್ಬುತ್ತೆ.

ಇನ್ನು ಅಸಲು ವಿಷಯ. ನಮ್ಮ ಕಾಲೇಜಲ್ಲಿ ಎಲ್ಲವೂ ನಾವಿದ್ದಲ್ಲಿಗೇ ಬರುತ್ತೆ. ಎಕ್ಸಾಂ ಫೀಸಿನ ಕೊನೆ ದಿನ ಕ್ಲಾಸಿಗೆ ಬಂದು ಹೇಳುತ್ತಾರೆ. ಹಾಜರಿ ಕಮ್ಮಿ ಆದರೆ ಮನೆಗೆ ಫೋನ್ ಬರುತ್ತೆ. ಅಲ್ಲಿ ಯಾರೂ ಕೇಳಲ್ಲ. ಸುಮಾರು ಲೆಕ್ಚರ್‌ಗಳಿಗೆ ಹೋದರೂ ಸರಿ, ಬಿಟ್ಟರೂ ಸರಿ. ಆದರೆ ಪರೀಕ್ಷೆಗೆ ಅವಳೇ ಪೋರ್ಟಲಲ್ಲಿ ಹೆಸರು ಹಾಕಬೇಕು. ತಾರೀಕು ದಾಟಿದರೆ ಮುಂದಿನ ಸಲವೇ, ದಂಡ ಕಟ್ಟಿ ಬರೆಯೋಣ ಅಂದುಕೊಳ್ಳಬೇಡಿ. ಒಂದೇ ವಿಷಯದಲ್ಲಿ ಮೂರು ಸಲ ಫೇಲಾದರೆ ಬಹಳ ಕಡೆ ಕೋರ್ಸಿನಿಂದಲೇ ಹೊರಗೆ. ಬ್ಯಾಕ್ ಉಳಿಸಿಕೊಂಡು ನಿಧಾನಕ್ಕೆ ತೆಗೆಯೋ ನಮ್ಮ ಲೆಕ್ಕಾಚಾರ ಅಲ್ಲಿ ನಡೆಯಲ್ಲ.

ಹಾಗಾಗಿ ಅವಳಿಗೆ ಕಲಿಸಬೇಕಾದ್ದು ಬಾಯಿಬಿಟ್ಟು ಕೇಳೋದನ್ನು. ಪ್ರೊಫೆಸರ್‌ಗೆ ಮೇಲ್ ಹಾಕಿ ಸಮಯ ಕೇಳಿ ಹೋದರೆ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಗ್ರೂಪ್ ಪ್ರಾಜೆಕ್ಟಲ್ಲಿ ಸುಮ್ನೆ ಕೂತರೆ 'ಪಾಪ, ಸಂಕೋಚದ ಹುಡುಗಿ' ಅಂತ ಯಾರೂ ಅಂದುಕೊಳ್ಳಲ್ಲ, ಓದಿಕೊಂಡು ಬಂದಿಲ್ಲ ಅಂದುಕೊಳ್ಳುತ್ತಾರೆ. ಈಗಿನಿಂದಲೇ ಬ್ಯಾಂಕು, ಗ್ಯಾಸ್ ಏಜೆನ್ಸಿ ಕೆಲಸಕ್ಕೆ ಅವಳನ್ನೇ ಕಳಿಸಿ, ನೀವು ಹಿಂದೆ ಹೋಗಬೇಡಿ.

ಅಂಕದ ಬಗ್ಗೆ ಮನೆಯಲ್ಲಿ ಮೊದಲೇ ಹೇಳಿಡಿ. ಅಲ್ಲಿ 1.0 ಅಂದರೆ ಎಲ್ಲಕ್ಕಿಂತ ಚೆನ್ನಾಗಿರೋದು, 4.0 ಪಾಸ್, 5.0 ಫೇಲ್. ನನಗೆ 1.7 ಬಂತು ಅಂದಾಗ ಅಪ್ಪ "ಹೋಗ್ಲಿ ಬಿಡು, ಮುಂದಿನ ಸಲ ನೋಡೋಣ" ಅಂತ ಸಮಾಧಾನ ಮಾಡಿದ್ದರು!

ದುಡ್ಡು: ಬ್ಲಾಕ್ಡ್ ಅಕೌಂಟಿಗೆ (ಖರ್ಚಿನ ದುಡ್ಡು ಇದೆ ಅಂತ ವೀಸಾಕ್ಕೆ ತೋರಿಸಲು ಮೊದಲೇ ತುಂಬಿಡೋ ಖಾತೆ) ವರ್ಷಕ್ಕೆ 11,904 ಯೂರೋ ಕಟ್ಟಿರುತ್ತೀರಿ, ತಿಂಗಳಿಗೆ 992 ಬರುತ್ತೆ. ಅದು ಬರೋಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಷ್ಟೋ ಕಡೆ ವಿಳಾಸದ ನೋಂದಣಿ ಕೇಳುತ್ತಾರೆ, ನೋಂದಣಿಗೆ ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಈ ಸರಪಳಿ ಮುಗಿಯೋವರೆಗಿನ ಖರ್ಚು, ಮನೆ ಅಡ್ವಾನ್ಸು ಬೇರೆಯೇ ಇರಲಿ. ಜರ್ಮನಿಯಲ್ಲಿ ಫೀಸೇ ಇಲ್ಲ ಅನ್ನೋ ಮಾತೂ ಸ್ಟುಟ್‌ಗಾರ್ಟ್‌ಗೆ ಹೊಂದಲ್ಲ. ಆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳು 2017ರಿಂದ ನಮ್ಮಂಥವರ ಹತ್ತಿರ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿವೆ. ಹ್ಞಾಂ, ಭಾನುವಾರ ಅಂಗಡಿ ಇರಲ್ಲ. ಅಕ್ಕಿ, ಹಾಲು ಶನಿವಾರವೇ ತಂದಿಡಲಿ.

ಚಿತ್ರದುರ್ಗದ ತಾಯಿ, ಮಗ ಮೆಲ್ಬರ್ನ್‌ನಲ್ಲಿದ್ದಾನೆ:

ನೋಡಪ್ಪ, ಹುಡುಗಿಗೆ ಹೇಳೋದು ಹೇಳಿದ್ದಾಯ್ತು, ಮನೆಯವರೂ ಒಂದಿಷ್ಟು ಕಲೀಬೇಕು. ನಾವು ಸೀರಿಯಲ್ ಮುಗಿಸಿ ಒಂಬತ್ತೂವರೆಗೆ ಫೋನ್ ಹಚ್ಚುತ್ತಿದ್ದೆವು. ಅವನಿಗೆ ಆಗ ನಡುರಾತ್ರಿ ಕಳೆದು ಎರಡೋ ಮೂರೋ. ಪಾಪ, ಎತ್ತುತ್ತಿದ್ದ! ಈಗ ಭಾನುವಾರ ಬೆಳಿಗ್ಗೆ ಮಾತ್ರ ಗಟ್ಟಿಯಾಗಿ ಮಾತು, ಉಳಿದ ದಿನ ಒಂದು ವಾಯ್ಸ್ ಮೆಸೇಜು. ಜರ್ಮನಿ ನಮಗಿಂತ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ. ನಿಮಗೆ ಅಷ್ಟು ಕಷ್ಟ ಆಗಲ್ಲ.

ಇನ್ನೊಂದು, ಎಲ್ಲಕ್ಕೂ ರೂಪಾಯಿ ಲೆಕ್ಕ ಹಾಕೋದು. ಕಾಫಿಗೆ ಇಷ್ಟಾ, ಬಸ್ಸಿಗೆ ಇಷ್ಟಾ ಅಂತ ನಾವು ಬಾಯಿಬಿಟ್ಟಿದ್ದಕ್ಕೇ ಅವನು ಮಧ್ಯಾಹ್ನದ ಊಟ ಬಿಡೋಕೆ ಶುರು ಮಾಡಿದ್ದ. ಅವನ ರೂಮ್‌ಮೇಟ್ ಹೇಳಿದ ಮೇಲೆ ಗೊತ್ತಾಯ್ತು. ಆಸ್ಟ್ರೇಲಿಯಾದಲ್ಲಿ ಕ್ಲಾಸ್ ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆ ಕೆಲಸಕ್ಕಷ್ಟೇ ಅನುಮತಿ. "ಕ್ಯಾಶ್ ಕೊಡೋ ಕಡೆ ಜಾಸ್ತಿ ಮಾಡಲಿ" ಅಂತ ಬೀಗರೊಬ್ಬರು ಬುದ್ಧಿ ಹೇಳಿದರು. ವೀಸಾ ಹೋದರೆ ಅವರೇನು ಕೊಡಿಸುತ್ತಾರಾ?

ಲೀಡ್ಸ್‌ನಲ್ಲಿ ಓದುತ್ತಿರುವ ಚಿತ್ರದುರ್ಗದ ಹುಡುಗಿ:

ಮೇಲಿನ ಅಣ್ಣ ಹೇಳಿದ 'ಬಿಟ್ಟರೂ ಸರಿ' ಇಂಗ್ಲೆಂಡಿಗೆ ಬರುವವರಿಗೆ ಅಲ್ಲ. ಇಲ್ಲಿ ವೀಸಾಕ್ಕೆ ಯೂನಿವರ್ಸಿಟಿಯೇ ಜವಾಬ್ದಾರಿ, ಹಾಜರಿ ನೋಡುತ್ತಾರೆ. ಯಾರಾದರೂ ಓದಿ ತಪ್ಪು ತಿಳಿಯಬಾರದು ಅಂತ ಹೇಳಿದೆ.

ನನ್ನನ್ನು ಹೆಚ್ಚು ಕಾಡಿದ್ದು ಕತ್ತಲೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ದುರ್ಗದ ಬಿಸಿಲಲ್ಲಿ ಬೆಳೆದವಳಿಗೆ ಇದು ಮೈಗಲ್ಲ, ಮನಸ್ಸಿಗೆ ಹೊಡೆತ. ಎದ್ದೇಳೋಕೆ ಬೇಜಾರು, ಮನೆಗೆ ಫೋನ್ ಮಾಡೋಕೂ ಬೇಜಾರು. ಯೂನಿವರ್ಸಿಟಿಯ ಕೌನ್ಸೆಲಿಂಗಿಗೆ ಹೋದೆ, ದುಡ್ಡಿಲ್ಲ, ಮನೆಗೂ ಹೇಳಲ್ಲ. ಬೆಳಕಿರುವಾಗ ದಿನಾ ಒಂದು ಸುತ್ತು ನಡೆಯಲು ಹೇಳಿದರು. ಅಷ್ಟಕ್ಕೇ ಸುಮಾರು ಸರಿಹೋಯ್ತು. ಸ್ಟುಟ್‌ಗಾರ್ಟ್‌ನಲ್ಲೂ ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತೆ, ತಂಗಿಗೆ ಮೊದಲೇ ಹೇಳಿರಿ. ಬರೀ ಕನ್ನಡದವರ ಜೊತೆಯೇ ಇದ್ದರೆ ಹಿತ ಅನಿಸುತ್ತೆ ನಿಜ, ಆದರೆ ಅಲ್ಲಿನ ಭಾಷೆ ನಾಲಿಗೆಗೆ ಹತ್ತಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾಳೆಯಿಂದ ಬ್ಯಾಂಕಿಗೆ ಅವಳೇ. ಅಮ್ಮನದೊಂದು ಪ್ರಶ್ನೆ ಉಳಿದಿದೆ, ಕುಕ್ಕರ್ ಕಳಿಸಬೇಕಾ?

ಸ್ಟುಟ್‌ಗಾರ್ಟ್‌ನಲ್ಲಿ ಓದಿದವನು: ಚಿಕ್ಕದು ಕಳಿಸಿ, ತಳ ಚಪ್ಪಟೆ ಇರಬೇಕು. ಹಾಸ್ಟೆಲಲ್ಲಿ ಬಹುತೇಕ ಕರೆಂಟ್ ಒಲೆ. ಒಂದು ಹೆಚ್ಚಿಗೆ ಗ್ಯಾಸ್ಕೆಟ್ ಹಾಕಿ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿರಲಿ. ಹೊಗೆಗೆ ಅಲಾರಂ ಹೊಡೆದುಕೊಂಡರೆ ಇಡೀ ಹಾಸ್ಟೆಲ್ ರಸ್ತೆಗೆ ಬಂದು ನಿಲ್ಲುತ್ತೆ.