ಸ್ಪ್ಯಾನಿಷ್ ಸಬ್ಜಂಕ್ಟಿವ್: ಅಬ್ಲಾರ್‌ಗೆ 'ಎ', ಕೊಮೇರ್‌ಗೆ 'ಆ' ಯಾಕೆ?

ಹೊಸಕಲಿಗ:
ಬಿ1 ಮಟ್ಟದ (ನಡು ಹಂತದ) ಸ್ಪ್ಯಾನಿಷ್ ಪಾಠದಲ್ಲಿ ಸಬ್ಜಂಕ್ಟಿವ್ (ಆಸೆ, ಅನುಮಾನ ಹೇಳೋ ಕ್ರಿಯಾರೂಪ) ಓದ್ತಿದ್ದೇನೆ. 'ನೀನು ಮಾತಾಡಬೇಕು ಅಂತ ನನ್ನಾಸೆ' ಅನ್ನೋಕೆ 'ಕಿಯೇರೊ ಕೆ ಆಬ್ಲಾಸ್' ಅಂದ್ರೆ ತಪ್ಪಂತೆ, 'ಆಬ್ಲೆಸ್' ಆಗಬೇಕಂತೆ. ಸರಿ ಅಂತ 'ತಿನ್ನು' ಅನ್ನೋ ಕೊಮೇರ್‌ಗೆ 'ಕೋಮೆಸ್' ಹಾಕಿದ್ರೆ ಅದೂ ತಪ್ಪು, ಅಲ್ಲಿ 'ಕೋಮಾಸ್'! ಎರಡಕ್ಕೂ ಹೊಂದುವ ಒಂದೇ ನಿಯಮ ಇದೆಯಾ? ಬುಸ್ಕಾರ್ (ಹುಡುಕು) 'ಬೂಸ್ಕೆ' ಆಗುವಾಗ ಕ್ಯೂ (q) ಅಕ್ಷರ ಎಲ್ಲಿಂದ ಬಂತು?

ಪದಪ್ರಿಯ:
ಒಂದೇ ನಿಯಮ ಸಾಕು. ವರ್ತಮಾನ ಕಾಲದ 'ಯೊ' (ನಾನು) ರೂಪ ತಗೊಳ್ಳಿ, ಕೊನೆಯ 'ಒ' ತೆಗೆಯಿರಿ, ಸ್ವರ ಅದಲುಬದಲು ಮಾಡಿ. 'ಆರ್' ಅಂತ ಮುಗಿಯೋ ಕ್ರಿಯಾಪದಕ್ಕೆ 'ಎ', 'ಎರ್' ಮತ್ತು 'ಇರ್' ಎರಡಕ್ಕೂ 'ಆ'.

ಅಬ್ಲಾರ್ (ಆಬ್ಲೊ): ಆಬ್ಲೆ, ಆಬ್ಲೆಸ್, ಆಬ್ಲೆ, ಅಬ್ಲೇಮೋಸ್, ಅಬ್ಲೇಯ್ಸ್, ಆಬ್ಲೆನ್.
ಕೊಮೇರ್ (ಕೋಮೊ): ಕೋಮಾ, ಕೋಮಾಸ್, ಕೋಮಾ, ಕೊಮಾಮೋಸ್, ಕೊಮಾಯ್ಸ್, ಕೋಮಾನ್.
ಬಿಬೀರ್ (ಬದುಕು) ಥೇಟ್ ಕೊಮೇರ್ ಹಾಗೇ: ಬೀಬಾ, ಬೀಬಾಸ್...

'ಯೊ' ರೂಪದಿಂದಲೇ ಹೊರಡಿ, ಮೂಲರೂಪದಿಂದ ಬೇಡ. ತೆನೇರ್ (ಹೊಂದಿರು) ಕ್ರಿಯಾಪದದ 'ಯೊ' ರೂಪ ತೆಂಗೊ, ಹಾಗಾಗಿ ತೆಂಗಾ, ತೆಂಗಾಸ್. ಮೂಲರೂಪ ಹಿಡಿದರೆ 'ತೇನಾ' ಅನ್ನೋ ಇಲ್ಲದ ಪದ ಹುಟ್ಟುತ್ತೆ. ಈ ದಾರಿಗೆ ಸಿಗದವು ಆರು: ದಾರ್, ಇರ್ ('ಹೋಗು' ಅನ್ನೋ ಕ್ರಿಯಾಪದ), ಸೇರ್, ಅಬೇರ್, ಎಸ್ತಾರ್, ಸಬೇರ್. ಇವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

ಇನ್ನೊಂದು, 'ನಾನು' ಮತ್ತು 'ಅವನು/ಅವಳು' ಎರಡಕ್ಕೂ ಒಂದೇ ರೂಪ ಬರುತ್ತೆ. ಗೊಂದಲ ಆಗೋ ಕಡೆ 'ಯೊ' ಅಥವಾ 'ಎಲ್' ಅಂತ ಕರ್ತೃವನ್ನು ಬಿಡಿಸಿ ಹೇಳಿ.

ಅಡಕೆಮರ:
ಕ್ಯೂ ಬಂದಿರೋದು ಉಚ್ಚಾರಣೆ ಕಾಪಾಡೋಕೆ. ಸ್ಪ್ಯಾನಿಷ್‌ನಲ್ಲಿ ಸಿ ಮುಂದೆ a, o ಅಥವಾ u ಅಕ್ಷರ ಇದ್ರೆ 'ಕ' ಧ್ವನಿ. ಇ (e, ಅಂದ್ರೆ 'ಎ' ಸ್ವರ) ಬಂದ್ರೆ ಲ್ಯಾಟಿನ್ ಅಮೆರಿಕದಲ್ಲಿ 'ಸ', ಸ್ಪೇನ್‌ನ ಬಹುಭಾಗದಲ್ಲಿ ನಾಲಿಗೆ ಹಲ್ಲಿನ ನಡುವೆ ಬರುವ ಧ್ವನಿ. ಸಿ ಉಳಿಸಿಕೊಂಡ್ರೆ 'ಬೂಸೆ' ಅಂತ ಓದಬೇಕಾಗುತ್ತೆ. ಅದಕ್ಕೇ ಕ್ಯೂ-ಯು ಬರೆದು 'ಬೂಸ್ಕೆ'. ಪಗಾರ್ (ಹಣ ಕೊಡು) ಕ್ರಿಯಾಪದದಲ್ಲೂ ಜಿ ನಂತರ ಒಂದು ಯು ಸೇರಿಸಿ 'ಪಾಗೆ' ಮಾಡ್ತಾರೆ, ಆ ಯು ಉಚ್ಚಾರಣೆ ಇಲ್ಲ. ಆರೂ ರೂಪಗಳಿಗೂ ಈ ಬದಲಾವಣೆ ಇದೆ.

ಕನ್ನಡದವರಿಗೆ ಒಂದು ಅನುಕೂಲ ಇದೆ. 'ಅವಳು ಮಾತಾಡಲಿ' ಅನ್ನುವಾಗಿನ 'ಲಿ' ಇದೇ ಭಾವ: 'ಕೆ ಆಬ್ಲೆ'. 'ಒಳ್ಳೇದಾಗಲಿ' ಅಂತ ಬೀಳ್ಕೊಡೋದು ಅವರಲ್ಲಿ 'ಕೆ ತೆ ಬಾಯಾ ಬ್ಯೆನ್'. ಆದ್ರೆ 'ನೀನು ಮಾತಾಡಲಿ' ಅಂತ ನಾವು ಹೇಳಲ್ಲ, 'ಕೆ ಆಬ್ಲೆಸ್' ಅಂತ ಅವರು ಹೇಳ್ತಾರೆ. ಹಾಗಾಗಿ ಭಾವ ಗುರುತಿಸೋಕೆ ಮಾತ್ರ 'ಲಿ' ನೆನಪಿಸಿಕೊಳ್ಳಿ.

ರೂಪ ಸರಿ ಬಂದಮೇಲೂ ತುಂಬಾ ಜನ ಎಡವೋದು ಇಲ್ಲಿ: ಆಸೆ ಪಡುವವರು, ಮಾಡುವವರು ಒಬ್ಬರೇ ಆದ್ರೆ ಸಬ್ಜಂಕ್ಟಿವ್ ಬೇಡ. 'ನಂಗೆ ಮಾತಾಡಬೇಕು' ಅನ್ನೋಕೆ 'ಕಿಯೇರೊ ಅಬ್ಲಾರ್' ಅಷ್ಟೇ. ಹಾಗೇ 'ಕ್ರೇಯೊ ಕೆ' (ಅಂದ್ಕೊಂಡಿದ್ದೀನಿ) ಮುಂದೆ ಮಾಮೂಲಿ 'ಆಬ್ಲಾ', 'ನೋ ಕ್ರೇಯೊ ಕೆ' ಮುಂದೆ 'ಆಬ್ಲೆ'.

ಹೊಸಕಲಿಗ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಎಂಪೆಸಾರ್ (ಶುರುಮಾಡು) ಮಾಡಿ ನೋಡಿದೆ. 'ಯೊ' ರೂಪ ಎಂಪ್ಯೇಸೊ, ಹಾಗಾಗಿ ಎಂಪ್ಯೇಸೆ, ಎಂಪ್ಯೇಸೆಸ್, ಎಂಪ್ಯೇಸೆ, ಎಂಪ್ಯೆಸೇಮೋಸ್. ಝೆಡ್ ಹಾಗೇ ಇಟ್ಟಿದ್ದೀನಿ, ಸರೀನಾ?

ಪದಪ್ರಿಯ:
ಎರಡು ತಪ್ಪಿವೆ. ಇ (e) ಅಕ್ಷರಕ್ಕೆ ಮೊದಲು ಝೆಡ್ ಬರೆಯೋ ವಾಡಿಕೆ ಇಲ್ಲ, ಸಿ ಹಾಕಿ. ಧ್ವನಿ ಬದಲಾಗಲ್ಲ. ಇನ್ನು, ಆ 'ಪ್ಯೇ' ಹುಟ್ಟೋದು ಒತ್ತು ಅಲ್ಲಿ ಬಿದ್ದಾಗ ಮಾತ್ರ. 'ನಾವು' ರೂಪದಲ್ಲಿ ಒತ್ತು ಮುಂದಕ್ಕೆ ಸರಿಯುತ್ತೆ, ಹಾಗಾಗಿ ಎಂಪೆಸೇಮೋಸ್. ಸ್ಪೇನ್‌ನ 'ನೀವು' ರೂಪವೂ ಅದೇ ಥರ: ಎಂಪೆಸೇಯ್ಸ್.