ಚಾರಣಕ್ಕೆ ಕೈಯಲ್ಲಿ ಹಿಡಿಯುವ ಜಿಪಿಎಸ್: ಯಾವುದು ತಗೊಳ್ಳಲಿ?

ಚಾಮುಂಡಿ ಮೆಟ್ಟಿಲು:

ಎಲ್ಲರಿಗೂ ನಮಸ್ಕಾರ. ಚಾರಣಕ್ಕೆ ಅಂತ ಕೈಯಲ್ಲಿ ಹಿಡಿಯುವ ಜಿಪಿಎಸ್ ಒಂದನ್ನು ಕೊಳ್ಳಬೇಕು. ಬಜೆಟ್ 25,000 ರೂಪಾಯಿ. ನಿಜವಾಗಿಯೂ ಉಪಯೋಗ ಇದೆ ಅಂದ್ರೆ ಇನ್ನೊಂದೈದು ಸಾವಿರ ಸೇರಿಸುತ್ತೇನೆ.

ನಾವು ನಾಲ್ಕು ಜನ ಗೆಳತಿಯರು, ಮೈಸೂರಿನವರು. ಹೋಗುವುದು ಹೆಚ್ಚಾಗಿ ಘಟ್ಟದ ಕಡೆಗೇ. ತಡಿಯಂಡಮೋಳ್, ಕುಮಾರ ಪರ್ವತ, ನರಸಿಂಹ ಪರ್ವತ, ಕುದುರೆಮುಖ. ಮುಂದಿನ ಜೂನ್‌ನಲ್ಲಿ ಹಿಮಾಚಲದ ರೂಪಿನ್ ಪಾಸ್ ಮಾಡುವ ಆಸೆಯೂ ಇದೆ. ಇಷ್ಟು ದಿನ ಫೋನ್‌ನಲ್ಲೇ ನಡೆದುಹೋಗುತ್ತಿತ್ತು. ಹೋದ ಅಕ್ಟೋಬರ್‌ನಲ್ಲಿ ಕೊಡಚಾದ್ರಿಯಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಪರದೆ ಮೇಲೆ ಹನಿ ಬಿದ್ದ ಕೂಡಲೇ ನಕ್ಷೆ ತನ್ನಷ್ಟಕ್ಕೆ ಎಲ್ಲಿಗೋ ಓಡುತ್ತಿತ್ತು. ಒರೆಸೋಣ ಅಂದ್ರೆ ಮೈಮೇಲೆ ಒಣಗಿದ ಬಟ್ಟೆ ಒಂದೂ ಇಲ್ಲ. ಆವತ್ತೇ ನಿರ್ಧಾರ ಮಾಡಿದೆವು, ಬೇರೆ ಸಾಧನ ಬೇಕು ಅಂತ.

ನೋಡಿಟ್ಟಿರುವುದು ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್. ಎರಡಕ್ಕೂ ವ್ಯತ್ಯಾಸ ಏನು? ಅಂಗಡಿಯವರು "ನಾವಿಕ್ ಬರುವುದನ್ನೇ ತಗೊಳ್ಳಿ, ನಮ್ಮ ದೇಶದ್ದು" ಅಂತ ದುಬಾರಿ ಮಾಡೆಲ್ ತೋರಿಸಿದರು. ನಾವಿಕ್ ಅಂದ್ರೆ ಜಿಪಿಎಸ್ ಥರದ್ದೇ ಇಸ್ರೋದ ಉಪಗ್ರಹ ವ್ಯವಸ್ಥೆಯಂತೆ. ಅದು ಬೇಕಾ? ಇನ್ನೊಂದು ವಿಷಯ, ನಮ್ಮಣ್ಣ ನ್ಯೂಜೆರ್ಸಿಯಿಂದ ಡಿಸೆಂಬರ್‌ನಲ್ಲಿ ಬರುತ್ತಾನೆ. ಇನ್‌ರೀಚ್ ತಂದುಕೊಡ್ತೀನಿ, ಸಿಗ್ನಲ್ ಇಲ್ಲದ ಕಡೆಯೂ ಮೆಸೇಜ್ ಹೋಗುತ್ತೆ ಅಂತಿದ್ದಾನೆ. ತರಿಸಿಕೊಳ್ಳಲಾ?

ಬಸವನಗುಡಿ ಬೈಕರ್:

ಸುಮ್ನೆ ದುಡ್ಡು ಹಾಕಬೇಡಿ ಮೇಡಂ. ಫೋನಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್ಯಾಂಡ್ ಆ್ಯಪ್ ಹಾಕಿಕೊಳ್ಳಿ, ಹೊರಡುವ ಮುಂಚೆ ನಕ್ಷೆ ಇಳಿಸಿಕೊಳ್ಳಿ, ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಡಿ. ಆಗಲೂ ಜಿಪಿಎಸ್ ಕೆಲಸ ಮಾಡುತ್ತದೆ. ಟವರ್ ಹುಡುಕುವುದು ನಿಂತರೆ ಬ್ಯಾಟರಿ ಎಷ್ಟೋ ಉಳಿಯುತ್ತದೆ. ಜೊತೆಗೊಂದು ಪವರ್ ಬ್ಯಾಂಕ್. ಇಟ್ರೆಕ್ಸ್ ಪರದೆ ಬರೀ 2.2 ಇಂಚು, 240 ಗುಣಿಸು 320 ಪಿಕ್ಸೆಲ್. ಈ ಕಾಲದಲ್ಲಿ ಅದನ್ನು ನೋಡಿದರೆ ನಗು ಬರುತ್ತದೆ.

ಕಳಸ ಕಡೆಯವ:

ಬೈಕರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಅವರು ಒಂದು ಸಲ ಜುಲೈ ತಿಂಗಳಲ್ಲಿ ನಮ್ಮ ಕಡೆ ಬರಬೇಕು. ಚಾರಣಕ್ಕೇ ಬರಬೇಕು ಅಂತಿಲ್ಲ. ನಮ್ಮ ತೋಟದಲ್ಲೇ ಒಂದು ಸುತ್ತು ಹಾಕಿದರೂ ಸಾಕು.

ನಾನು ಕಾಡಿನ ಸರ್ವೆಗೆ ಬರುವವರ ಜೊತೆ ದಾರಿ ತೋರಿಸಿಕೊಂಡು ತಿರುಗುವವನು. ಕಪ್ಪೆ ಎಣಿಸುವವರು, ಗಿಡ ನೋಡುವವರು, ಎಲ್ಲ ಥರದವರೂ ಬರುತ್ತಾರೆ. ಅವರ ಕೈಯಲ್ಲಿ ದುಬಾರಿ ಸಾಧನಗಳನ್ನೂ ನೋಡಿದ್ದೇನೆ, ಫೋನ್‌ಗಳನ್ನೂ ನೋಡಿದ್ದೇನೆ. ನನ್ನ ಮಾತು ಇಷ್ಟೇ: ನಿಖರತೆಗೆ ಅಂತ ಜಿಪಿಎಸ್ ಕೊಳ್ಳಬೇಡಿ. ಒದ್ದೆ ಕೈಯಲ್ಲಿ ಒತ್ತಿದರೂ ಕೆಲಸ ಮಾಡುವ ಗುಂಡಿಗೆ ದುಡ್ಡು ಕೊಡಿ, ಬದಲಾಯಿಸಲು ಬರುವ ಸೆಲ್‌ಗೆ ದುಡ್ಡು ಕೊಡಿ.

ನಿಖರತೆ ಯಾಕೆ ಬೇಡ ಅಂದೆ ಅಂದ್ರೆ, 22ಎಕ್ಸ್ ಹಿಡಿಯುವುದು ಒಂದೇ ತರಂಗಾಂತರ. 2018ರಿಂದೀಚೆಗೆ ಬಂದ ಎಷ್ಟೋ ಫೋನ್‌ಗಳು ಎಲ್1, ಎಲ್5 ಅಂತ ಎರಡನ್ನೂ ಹಿಡಿಯುತ್ತವೆ. ಬಂಡೆಗೆ ಬಡಿದು ಸುತ್ತಿ ಬಳಸಿ ಬರುವ ಸಿಗ್ನಲ್ಲನ್ನು ಗುರುತಿಸಲು ಎರಡಿದ್ದರೆ ಸುಲಭ. ಹಾಗಾಗಿ ಬಯಲಲ್ಲಿ ನಿಂತು ಹೋಲಿಸಿದರೆ ನಿಮ್ಮ ಫೋನೇ ಗೆದ್ದರೂ ಆಶ್ಚರ್ಯ ಇಲ್ಲ. ಉಪಗ್ರಹದಿಂದ ಬರುವ ಸಿಗ್ನಲ್ ಮೊದಲೇ ಬಹಳ ಕ್ಷೀಣ. ಮರದ ಚಪ್ಪರದ ಕೆಳಗೆ, ಅದರಲ್ಲೂ ಎಲೆಯೆಲ್ಲ ನೆನೆದಿದ್ದಾಗ, ಇನ್ನೂ ಸೊರಗುತ್ತದೆ. ಕುಮಾರ ಪರ್ವತಕ್ಕೆ ಕುಕ್ಕೆಯಿಂದ ಹತ್ತುವವರು ಭಟ್ಟರ ಮನೆ ತಲುಪುವವರೆಗೆ ದಟ್ಟ ಕಾಡಲ್ಲೇ ಇರುತ್ತಾರಲ್ಲ, ಆ ಭಾಗದಲ್ಲಿ ಸಾಧನ ದಾಖಲಿಸಿದ ಗೆರೆಯನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಕುಡಿದವನು ನಡೆದ ಹಾಗೆ ಅಡ್ಡಾದಿಡ್ಡಿ ಇರುತ್ತದೆ. ಬಯಲು ಹುಲ್ಲುಗಾವಲಿಗೆ ಬಂದ ಕೂಡಲೇ ನೆಟ್ಟಗಾಗುತ್ತದೆ. ಅದಕ್ಕೇ ಕಾಡಲ್ಲಿ ನಡೆದ ದೂರ ಯಾವಾಗಲೂ ಜಾಸ್ತಿ ತೋರಿಸುವುದು. ಆದರೆ ದಾರಿ ಹುಡುಕಲು ಹತ್ತು ಹದಿನೈದು ಮೀಟರ್ ಆಚೀಚೆ ಆದರೆ ಏನೂ ತೊಂದರೆ ಇಲ್ಲ ಮಾರಾಯ್ರೆ.

ತೊಂದರೆ ಆಗುವುದು ಬೇರೆ ಕಡೆ. ಕುದುರೆಮುಖದ ಹುಲ್ಲುಗುಡ್ಡದ ಮೇಲೆ ಮಂಜು ಮುಚ್ಚಿತು ಅಂತಿಟ್ಟುಕೊಳ್ಳಿ. ಅಲ್ಲಿ ಕಾಟಿ ಓಡಾಡಿದ ದಾರಿ, ಕಡವೆ ಓಡಾಡಿದ ದಾರಿ, ಮನುಷ್ಯರ ದಾರಿ ಎಲ್ಲ ಒಂದೇ ಥರ ಕಾಣುತ್ತವೆ. ಕಾಟಿಯ ದಾರಿಯಂತೂ ನಮ್ಮದಕ್ಕಿಂತ ಅಗಲ, ನೋಡಿದರೆ ಅದೇ ಸರಿಯಾದ ದಾರಿ ಅನ್ನಿಸುತ್ತದೆ. ಅಲ್ಲಿ ನಿಂತು ಮಳೆಯಲ್ಲಿ, ಕಾಲಿಗೆ ಇಂಬಳ ಹತ್ತುತ್ತಿರುವಾಗ, ಬಂದ ಗೆರೆ ಎಲ್ಲಿದೆ ಅಂತ ತಕ್ಷಣ ನೋಡಬೇಕು. ಇಟ್ರೆಕ್ಸ್‌ನಲ್ಲಿ ಬಲಕ್ಕೆ ಎರಡು, ಎಡಕ್ಕೆ ಮೂರು ಗುಂಡಿ, ಮುಂದೆ ಹೆಬ್ಬೆರಳಿಗೆ ಸಿಗುವ ಒಂದು ಪುಟ್ಟ ಕಡ್ಡಿ. ಕೈಗವಸು ಹಾಕಿಕೊಂಡೇ ಒತ್ತಬಹುದು. ಪರದೆ ಸಣ್ಣದು ನಿಜ, ಆದರೆ ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುವ ಜಾತಿಯದು. ನೀರಿನ ರಕ್ಷಣೆ ಐಪಿಎಕ್ಸ್7, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆಯಬೇಕು.

ಸೆಲ್ ವಿಷಯ. 22ಎಕ್ಸ್, 32ಎಕ್ಸ್ ಎರಡಕ್ಕೂ ಗೋಡೆ ಗಡಿಯಾರಕ್ಕೆ ಹಾಕುತ್ತೀರಲ್ಲ, ಅದೇ ಡಬಲ್ ಎ ಸೆಲ್ ಎರಡು ಸಾಕು. ಕಂಪನಿ ಹೇಳುವುದು 25 ಗಂಟೆ. ನಮ್ಮೂರಿನ ಗೂಡಂಗಡಿಯಲ್ಲೂ ಆ ಸೆಲ್ ಸಿಗುತ್ತದೆ. ರೀಚಾರ್ಜ್ ಸೆಲ್ ಹಾಕಿದರೆ ಸೆಟಿಂಗ್ಸ್‌ಗೆ ಹೋಗಿ ಬ್ಯಾಟರಿ ಬಗೆಯನ್ನು ಬದಲಾಯಿಸಿ, ಇಲ್ಲದಿದ್ದರೆ ಎಷ್ಟು ಉಳಿದಿದೆ ಅಂತ ತಪ್ಪು ತೋರಿಸುತ್ತದೆ. ರೂಪಿನ್‌ಗೆ ಹೋಗುವಾಗ ಲಿಥಿಯಂ ಡಬಲ್ ಎ ಒಯ್ಯಿರಿ. ಆ ಚಳಿಯಲ್ಲಿ ಸಾಮಾನ್ಯ ಆಲ್ಕಲೈನ್ ಸೆಲ್ ಬೇಗ ಕೈಕೊಡುತ್ತದೆ. ಇಟ್ರೆಕ್ಸ್‌ನಲ್ಲೇ ಸೋಲಾರ್ ಮಾಡೆಲ್ ಒಂದಿದೆ, 2023ರಲ್ಲಿ ಬಂದದ್ದು. ಆಗುಂಬೆ ಕಾಡಲ್ಲಿ ಅದಕ್ಕೆ ಬಿಸಿಲು ಎಲ್ಲಿಂದ ತರುತ್ತೀರೋ ನೋಡಿ! ಅದೇ ವರ್ಷ ಬಂದ ಇಟ್ರೆಕ್ಸ್ ಎಸ್‌ಇ ಅಗ್ಗ, ಸೆಲ್ ವಾರಗಟ್ಟಲೆ ಬರುತ್ತದೆ, ಆದರೆ ಅದರೊಳಗೆ ನಕ್ಷೆ ಇಲ್ಲ. ನಕ್ಷೆ ನೋಡಬೇಕು ಅಂದ್ರೆ ಮತ್ತೆ ಫೋನೇ ತೆಗೆಯಬೇಕು. ನಿಮ್ಮ ಸಮಸ್ಯೆ ಅಲ್ಲಿಗೇ ವಾಪಸ್.

ನಾವಿಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜಿಪಿಎಸ್‌ಮ್ಯಾಪ್ 65ಎಸ್ ಥರದ ಸಾಧನದಲ್ಲಿ ಅದು ಇದೆ, ಎರಡು ತರಂಗಾಂತರವೂ ಇದೆ, ಒಳ್ಳೆಯ ಸಾಧನವೇ. ಕಪ್ಪೆ ಸಿಕ್ಕ ಜಾಗವನ್ನು ಮೀಟರ್ ಲೆಕ್ಕದಲ್ಲಿ ಗುರುತು ಹಾಕುವವರಿಗೆ ಬೇಕು. ದಾರಿ ನೋಡಿಕೊಂಡು ನಡೆಯುವವರಿಗೆ ಅದರ ಹೆಚ್ಚಿನ ದುಡ್ಡು ದಂಡ.

ಹುಬ್ಬಳ್ಳಿ ಕಾಕಾ:

ತಂಗಿ, ಆ ಇನ್‌ರೀಚ್ ವಿಷಯಕ್ಕೆ ಬರ್ತೀನಿ. ನಿಮ್ಮಣ್ಣನಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಸಾದಾ ಜಿಪಿಎಸ್ ಉಪಗ್ರಹದ ಸಿಗ್ನಲ್ಲನ್ನು ಬರೀ ಕೇಳಿಸಿಕೊಳ್ಳುತ್ತದೆ, ತಾನು ಏನನ್ನೂ ಕಳಿಸುವುದಿಲ್ಲ. ಇನ್‌ರೀಚ್ ಹಾಗಲ್ಲ, ಇರಿಡಿಯಂ ಉಪಗ್ರಹದ ಮೂಲಕ ಮೆಸೇಜ್ ಕಳಿಸುತ್ತದೆ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಂಥದ್ದನ್ನು ತರುವುದೂ ಅಪರಾಧ, ಇಟ್ಟುಕೊಳ್ಳುವುದೂ ಅಪರಾಧ. ಆನ್ ಮಾಡಿರಲಿಲ್ಲ, ಬ್ಯಾಗಲ್ಲಿತ್ತು ಅಷ್ಟೇ ಅಂದರೂ ಬಿಡುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಒಬ್ಬ ಓಟಗಾರ್ತಿಯನ್ನು ಇದೇ ಇನ್‌ರೀಚ್ ಇತ್ತು ಅಂತ ಹಿಡಿದಿದ್ದರು, ಪೇಪರಲ್ಲಿ ಬಂದಿತ್ತು. ಅವರು ಬಚ್ಚಿಟ್ಟಿರಲಿಲ್ಲ, ಸ್ಕ್ಯಾನ್ ಮಾಡುವಾಗ ತಾವೇ ಟ್ರೇಯಲ್ಲಿ ಇಟ್ಟಿದ್ದರು.

ಕೊಳ್ಳುವಾಗಲೂ ಹುಷಾರು. ಗಾರ್ಮಿನ್ ಮಾಡೆಲ್ ಸಂಖ್ಯೆಯ ಕೊನೆಗೆ ಐ ಅಂತ ಇದ್ದರೆ, 66ಐ, 67ಐ ಥರ, ಒಳಗೆ ಇನ್‌ರೀಚ್ ಇದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ತಗೊಂಡೀರಿ ಮತ್ತೆ.

ಚಾಮುಂಡಿ ಮೆಟ್ಟಿಲು:

ಅಯ್ಯೋ, ಇದು ಗೊತ್ತೇ ಇರಲಿಲ್ಲ ಕಾಕಾ! ಅಣ್ಣನಿಗೆ ಈಗಲೇ ವಾಟ್ಸಾಪ್ ಮಾಡಿದೆ. ಚಾಕೊಲೇಟ್ ತಂದರೆ ಸಾಕು ಅಂದಿದ್ದೇನೆ.

ಕಳಸದ ಅಣ್ಣಾವ್ರೆ, ಇಷ್ಟು ವಿವರವಾಗಿ ಬರೆದದ್ದಕ್ಕೆ ಥ್ಯಾಂಕ್ಸ್. ಆದ್ರೆ 22 ಅಥವಾ 32 ಅನ್ನುವುದಕ್ಕೆ ನೀವು ಉತ್ತರ ಕೊಡಲೇ ಇಲ್ಲ. ಮತ್ತೆ ನಕ್ಷೆ ಎಲ್ಲಿಂದ ಹಾಕಿಕೊಳ್ಳುವುದು?

ಕಳಸ ಕಡೆಯವ:

ಕಾಫಿ ಕೊಯ್ಲು ನಡೀತಾ ಇದೆ, ಅದಕ್ಕೇ ತಡ ಆಯ್ತು.

32ರಲ್ಲಿ ಜಾಸ್ತಿ ಇರುವುದು ಎರಡು. ಒಂದು ಎಲೆಕ್ಟ್ರಾನಿಕ್ ದಿಕ್ಸೂಚಿ. 22ಕ್ಕೆ ನೀವು ನಡೆಯುತ್ತಿದ್ದರೆ ಮಾತ್ರ ಯಾವ ಕಡೆ ಮುಖ ಮಾಡಿದ್ದೀರಿ ಅಂತ ಗೊತ್ತಾಗುತ್ತದೆ. ಕವಲಲ್ಲಿ ನಿಂತು ಯಾವ ಕಡೆ ಹೋಗಲಿ ಅಂತ ಕೇಳಿದರೆ ಅದರ ಬಾಣ ಸುಮ್ಮನೆ ಎತ್ತಲೋ ತಿರುಗಿಕೊಂಡಿರುತ್ತದೆ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಸರಿಯಾಗುತ್ತದೆ. 32 ನಿಂತಲ್ಲೇ ತೋರಿಸುತ್ತದೆ, ಆದರೆ ಸೆಲ್ ಬದಲಾಯಿಸಿದಾಗಲೆಲ್ಲ ಅದರ ದಿಕ್ಸೂಚಿಯನ್ನು ಮತ್ತೆ ಸರಿಹೊಂದಿಸಬೇಕು. ನನ್ನ ಕೊರಳಲ್ಲಿ ಯಾವಾಗಲೂ ಒಂದು ಸಾದಾ ದಿಕ್ಸೂಚಿ ನೇತಾಡುತ್ತಿರುತ್ತದೆ. ಅದಕ್ಕೆ ಸೆಲ್ಲೂ ಬೇಡ, ಏನೂ ಬೇಡ.

ಇನ್ನೊಂದು ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ವ್ಯವಸ್ಥೆ. ಇದು ನನಗೆ ಇಷ್ಟ. ಗೊತ್ತಿರುವ ಎತ್ತರದಲ್ಲಿ ಒಮ್ಮೆ ಸರಿಹೊಂದಿಸಿದರೆ ಚೆನ್ನಾಗಿ ಹೇಳುತ್ತದೆ. ಅದಕ್ಕಿಂತ ದೊಡ್ಡ ಉಪಯೋಗ ರಾತ್ರಿ ಟೆಂಟಲ್ಲಿ. ಮಲಗುವಾಗ ಒತ್ತಡ ಎಷ್ಟಿತ್ತು ನೋಡಿಟ್ಟುಕೊಳ್ಳಿ. ಬೆಳಗ್ಗೆ ಎದ್ದಾಗ ಚೆನ್ನಾಗಿ ಇಳಿದಿದ್ದರೆ ಹವೆ ಕೆಡುತ್ತಿದೆ. ಒಂದು ಮಿಲಿಬಾರ್ ಇಳಿದರೆ ನಮ್ಮ ಬೆಟ್ಟಗಳ ಎತ್ತರದಲ್ಲಿ ಸುಮಾರು ಒಂಬತ್ತು ಮೀಟರ್ ಮೇಲೇರಿದ ಲೆಕ್ಕ. ಹಾಗಾಗಿ ಮಲಗಿದ್ದಲ್ಲೇ ಬೆಟ್ಟ ಹತ್ತಿದ ಹಾಗೆ ತೋರಿಸಿದರೆ ಹೆದರಬೇಡಿ. ರೂಪಿನ್ 4,650 ಮೀಟರ್. ಅಲ್ಲಿಗೆ ಇದು ಬೇಕು ಅನ್ನಿಸಬಹುದು, ಆದರೆ ಅಲ್ಲಿ ನೀವು ತಂಡದ ಜೊತೆ, ಗೈಡ್ ಜೊತೆ ಹೋಗುತ್ತೀರಿ, ಹವೆ ನೋಡುವುದು ಅವರ ಕೆಲಸ. ನಾನಾದರೆ 22 ತಗೊಂಡು ಉಳಿದ ದುಡ್ಡಲ್ಲಿ ಸಾದಾ ದಿಕ್ಸೂಚಿ, ಎರಡು ಜೊತೆ ಒಳ್ಳೆಯ ರೀಚಾರ್ಜ್ ಸೆಲ್, ಒಂದು ಚಾರ್ಜರ್ ತಗೊಳ್ಳುತ್ತೇನೆ.

ನಕ್ಷೆಗೆ ದುಡ್ಡು ಕೊಡಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನದ್ದು ಪುಕ್ಕಟೆ ಸಿಗುತ್ತದೆ. ಬಿಬಿಬೈಕ್ ಅನ್ನುವ ತಾಣದಲ್ಲಿ ಬೇಕಾದ ಜಾಗಕ್ಕೆ ಚೌಕ ಎಳೆದು, ಗಾರ್ಮಿನ್ ಮಾದರಿ ಆರಿಸಿ, ಇಮೇಲ್ ಕೊಟ್ಟರೆ ಲಿಂಕ್ ಕಳಿಸುತ್ತಾರೆ. ಕಂಟೂರ್ ಗೆರೆ, ಅಂದ್ರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಇರುವ ಬಗೆಯನ್ನೇ ಆರಿಸಿ, ಅದಿಲ್ಲದೆ ಘಟ್ಟದಲ್ಲಿ ನಕ್ಷೆ ಇದ್ದೂ ಇಲ್ಲದ ಹಾಗೆ. ಮೆಮೊರಿ ಕಾರ್ಡ್ ಹಾಕುವ ಜಾಗ ಸುಲಭಕ್ಕೆ ಕಾಣುವುದಿಲ್ಲ. ಹಿಂದಿನ ಬಳೆಯಂಥ ಕೊಂಡಿ ತಿರುಗಿಸಿ ಮುಚ್ಚಳ ತೆಗೆದು, ಸೆಲ್ ಎರಡನ್ನೂ ಹೊರಗೆ ಹಾಕಿದರೆ ಅದರ ಅಡಿಯಲ್ಲಿದೆ. ಕಾರ್ಡಲ್ಲಿ ಗಾರ್ಮಿನ್ ಅಂತ ಫೋಲ್ಡರ್ ಮಾಡಿ ಫೈಲನ್ನು ಅದರೊಳಗೆ ಹಾಕಿ. ಮುಚ್ಚಳ ಹಾಕುವಾಗ ಸುತ್ತಲಿನ ರಬ್ಬರಲ್ಲಿ ಒಂದು ಹುಲ್ಲೆಳೆಯೂ ಸಿಕ್ಕಿರಬಾರದು, ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಸೆಟಿಂಗ್ಸ್‌ನಲ್ಲಿ "ಲಾಕ್ ಆನ್ ರೋಡ್" ಅಂತ ಇರುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ನೀವು ಕಾಲುದಾರಿಯಲ್ಲಿದ್ದರೂ ಪಕ್ಕದ ರಸ್ತೆಯಲ್ಲಿದ್ದೀರಿ ಅಂತ ಹಟ ಹಿಡಿಯುತ್ತದೆ. ಆಮೇಲೆ ಗೋ ಟು ಒತ್ತಿ ಶಿಖರ ಆರಿಸಿಕೊಂಡು ಅದು ತೋರಿಸಿದ ನೇರ ಗೆರೆ ಹಿಡಿದು ಹೋಗಬೇಡಿ. ಆ ಗೆರೆಗೆ ಕಣಿವೆಯೂ ಗೊತ್ತಿಲ್ಲ, ಬಂಡೆಯೂ ಗೊತ್ತಿಲ್ಲ. ಹೊರಡುವ ಜಾಗದಲ್ಲಿ ಸಾಧನ ಆನ್ ಮಾಡಿ, ಬಯಲಲ್ಲಿ ಐದು ನಿಮಿಷ ಸುಮ್ನೆ ಇಡಿ, ಹಳೆಯ ದಾಖಲೆ ಅಳಿಸಿ ಹೊಸದಾಗಿ ಶುರು ಮಾಡಿ. ದಾರಿ ತಪ್ಪಿತು ಅನ್ನಿಸಿದರೆ ಟ್ರ್ಯಾಕ್‌ಬ್ಯಾಕ್ ಒತ್ತಿ ಬಂದ ದಾರಿಯಲ್ಲೇ ವಾಪಸ್ ನಡೆಯಿರಿ.

ಬಸವನಗುಡಿ ಬೈಕರ್:

ಸರಿ ಸರ್, ಮಳೆ ವಿಷಯದಲ್ಲಿ ಸೋತೆ. ಒಂದು ಡೌಟು. ನನ್ನ ಹತ್ರ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ಬೆಟ್ಟ ಕಣಿವೆ ತೋರಿಸುವ ಕಾಗದದ ನಕ್ಷೆ) ಒಂದಿದೆ, 1:50,000 ಅಳತೆಯದು. ಅದರಲ್ಲಿರುವ ಅಕ್ಷಾಂಶ ರೇಖಾಂಶ ನೋಡಿ ಜಿಪಿಎಸ್‌ಗೆ ಹಾಕಿದರೆ ನಡೆಯುತ್ತಾ?

ಕಳಸ ಕಡೆಯವ:

ನೇರವಾಗಿ ಹಾಕಿದರೆ ನೂರು ಮೀಟರಿಗೂ ಜಾಸ್ತಿ ಆಚೆ ಬೀಳುತ್ತದೆ. ಹಳೆಯ ಶೀಟು ಭೂಮಿಯ ಆಕಾರಕ್ಕೆ ಎವರೆಸ್ಟ್ ಅನ್ನುವ ಲೆಕ್ಕ ಹಿಡಿದು ಮಾಡಿದ್ದು, ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್84 ಅನ್ನುವ ಬೇರೆ ಲೆಕ್ಕದ ಮೇಲೆ. ಪೊಸಿಷನ್ ಫಾರ್ಮ್ಯಾಟ್‌ಗೆ ಹೋಗಿ ಮ್ಯಾಪ್ ಡೇಟಮ್‌ನಲ್ಲಿ ಇಂಡಿಯನ್ ಅಂತ ಇರುವುದನ್ನು ಆರಿಸಿ ಹಾಕಿ. ಕೆಲಸ ಮುಗಿದ ಮೇಲೆ ವಾಪಸ್ ಡಬ್ಲ್ಯುಜಿಎಸ್84ಕ್ಕೆ ತಂದಿಡಿ. ಇಲ್ಲದಿದ್ದರೆ ಯಾರಿಗಾದರೂ ನೀವಿರುವ ಜಾಗದ ಅಂಕಿ ಫೋನಲ್ಲಿ ಹೇಳಬೇಕಾಗಿ ಬಂದಾಗ ಅವರು ಪಕ್ಕದ ಹಳ್ಳಕ್ಕೆ ಇಳಿದು ಹುಡುಕುತ್ತಾರೆ.

ಇನ್ನೊಂದು ಮಾತು, ಎಲ್ಲರಿಗೂ. ಅಂತರ್ಜಾಲದಲ್ಲಿ ಸಿಗುವ ಜಿಪಿಎಕ್ಸ್ ಫೈಲ್‌ಗಳಲ್ಲಿ (ಬೇರೆಯವರು ನಡೆದ ದಾರಿಯ ಗೆರೆ ಇರುವಂಥವು) ಹಲವು ಈಗ ಮುಚ್ಚಿರುವ ದಾರಿಗಳವು. ಸಾಧನದಲ್ಲಿ ಗೆರೆ ಇದೆ ಅಂದ ಮಾತ್ರಕ್ಕೆ ಹೋಗಲು ಅನುಮತಿ ಇದೆ ಅಂತಲ್ಲ. ಅರಣ್ಯ ಇಲಾಖೆಯ ಬುಕಿಂಗ್ ಪಟ್ಟಿಯಲ್ಲಿ ಆ ದಾರಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಫೈಲ್ ಇಳಿಸಿ.

ಚಾಮುಂಡಿ ಮೆಟ್ಟಿಲು:

22ಎಕ್ಸ್ ಅಂತ ತೀರ್ಮಾನ ಆಯ್ತು. ಸೆಲ್ ಚಾರ್ಜರ್ ಯಾವುದು ಒಳ್ಳೆಯದು? ನಾಲ್ಕು ಸೆಲ್ಲನ್ನೂ ಬೇರೆ ಬೇರೆಯಾಗಿ ಚಾರ್ಜ್ ಮಾಡುವಂಥದ್ದು ಬೇಕಾ, ಅಥವಾ ಜೋಡಿ ಜೋಡಿಯಾಗಿ ಆಗುವ ಅಗ್ಗದ್ದು ಸಾಕಾ?

ಕಳಸ ಕಡೆಯವ:

ಬೇರೆ ಬೇರೆಯಾಗಿ ಆಗುವುದನ್ನೇ ತಗೊಳ್ಳಿ. ಜೋಡಿಯಲ್ಲಿ ಒಂದು ಸೆಲ್ ಹಾಳಾಗಿದ್ದರೆ ಅಗ್ಗದ್ದರಲ್ಲಿ ಗೊತ್ತೇ ಆಗುವುದಿಲ್ಲ. ಮತ್ತೆ ಸೆಲ್ ಮೇಲೆ ಪೆನ್ನಲ್ಲಿ ಎ ಎ, ಬಿ ಬಿ ಅಂತ ಗುರುತು ಹಾಕಿ, ಜೋಡಿ ಕಲಸಬೇಡಿ.