ನ್ಯೂಜೆರ್ಸಿಯಿಂದ ರಾಲಿಗೆ: ಮೊದಲು ಬಾಡಿಗೆಯೋ, ನೇರ ಖರೀದಿಯೋ?

ಹಾಸನದ ಸೊಸೆ:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಯಜಮಾನರಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಕೆಲಸ ದೊರೆತಿರುವುದರಿಂದ ಬರುವ ಜೂನ್‌ನಲ್ಲಿ ನಾರ್ತ್ ಕ್ಯಾರೊಲೈನಾದ ರಾಲಿ ಕಡೆಗೆ ಹೊರಡಲಿದ್ದೇವೆ. ಮಗ ಏಳನೆಯ ತರಗತಿಗೆ, ಮಗಳು ಮೂರನೆಯ ತರಗತಿಗೆ ಸೇರಬೇಕು. ವರ್ಷದಲ್ಲಿ ಆರು ತಿಂಗಳು ಅತ್ತೆಯವರು ನಮ್ಮೊಡನಿರುತ್ತಾರೆ. ಮಂಡಿನೋವಿದ್ದರೂ ಓಕ್ ಟ್ರೀ ರಸ್ತೆಯವರೆಗೆ ತಾವೇ ನಡೆದುಹೋಗಿ ಸೊಪ್ಪು ತರಕಾರಿ ಆರಿಸಿ ತರುವುದು ಇಲ್ಲಿ ಅವರ ದಿನಚರಿ.

ಕಳೆದ ವಾರ ರಾಲಿಯ ಪಕ್ಕದ ಊರಾದ ಕ್ಯಾರಿಯಲ್ಲಿ ಒಂದು ಮನೆ ನೋಡಿ ಬಂದೆವು, ಮನಸ್ಸಿಗೆ ಒಪ್ಪಿತು. ಆದರೆ ‘ಡ್ಯೂ ಡಿಲಿಜೆನ್ಸ್ ಶುಲ್ಕ’ವೆಂದು 15,000 ಡಾಲರ್ ಕೊಡಬೇಕು, ನಾವು ಹಿಂದೆ ಸರಿದರೆ ಅದು ಮರಳಿ ಬರುವುದಿಲ್ಲ ಎಂದು ಏಜೆಂಟರು ಹೇಳುತ್ತಾರೆ. ತಪಾಸಣೆಯೇ ಆಗದ ಮನೆಗೆ ಮರಳದ ಹಣ ಕೊಡುವುದು ಅಲ್ಲಿನ ರೂಢಿಯೇ, ಅಥವಾ ಹೊಸಬರೆಂದು ನಮಗೆ ಹೇಳಿದ ಮಾತೇ? ಒಂದು ವರ್ಷ ಬಾಡಿಗೆಗಿದ್ದು ಊರನ್ನು ತಿಳಿದುಕೊಳ್ಳುವುದು ಲೇಸೇ? ಬಲ್ಲವರು ತಿಳಿಸಬೇಕೆಂದು ವಿನಂತಿ.

ಟ್ರಯಾಂಗಲ್ ಹಳಬ:

ಮೇಡಂ, ನಿಮ್ಮ ಏಜೆಂಟರು ಹೇಳಿದ್ದು ನಿಜ. ಈ ರಾಜ್ಯದ ಪದ್ಧತಿಯೇ ಹಾಗಿದೆ. ಇಲ್ಲಿ ಒಪ್ಪಂದದ ಜೊತೆಗೆ ಎರಡು ಬಗೆಯ ಹಣ ಇರುತ್ತದೆ. ಅರ್ನೆಸ್ಟ್ ಮನಿ ಎಂಬುದು ಮೂರನೆಯವರ ಬಳಿ ಠೇವಣಿಯಾಗಿ ಉಳಿಯುತ್ತದೆ, ಗೊತ್ತಾದ ಅವಧಿಯೊಳಗೆ ನೀವು ಹಿಂದೆ ಸರಿದರೆ ಮರಳಿ ಸಿಗುತ್ತದೆ. ಡ್ಯೂ ಡಿಲಿಜೆನ್ಸ್ ಶುಲ್ಕವಾದರೋ ನೇರವಾಗಿ ಮಾರುವವರ ಕೈಗೆ ಹೋಗುತ್ತದೆ. ಖರೀದಿ ಪೂರ್ಣವಾದರೆ ಮನೆಯ ಬೆಲೆಯಲ್ಲಿ ಕಳೆಯುತ್ತಾರೆ, ನೀವಾಗಿ ಬಿಟ್ಟರೆ ಅದನ್ನು ಮರೆತುಬಿಡಬೇಕು. ಆ ಶುಲ್ಕಕ್ಕೆ ಪ್ರತಿಯಾಗಿ ನಿಮಗೆ ಸಿಗುವುದು ಕೆಲವು ವಾರಗಳ ಅವಕಾಶ: ಅಷ್ಟರೊಳಗೆ ತಪಾಸಣೆ, ಸಾಲ, ಮೌಲ್ಯಮಾಪನ ಎಲ್ಲವನ್ನೂ ಮುಗಿಸಿಕೊಂಡು, ಯಾವ ಕಾರಣಕ್ಕಾದರೂ, ಕಾರಣವೇ ಇಲ್ಲದೆಯೂ, ಒಪ್ಪಂದದಿಂದ ಹೊರಬರಬಹುದು. ಕೊನೆಯ ದಿನದ ಸಂಜೆ 5 ಗಂಟೆ ದಾಟಿದರೆ ಅರ್ನೆಸ್ಟ್ ಮನಿಗೂ ಕುತ್ತು.

ಆದರೆ ಮೊತ್ತವನ್ನು ಕಾನೂನು ನಿಗದಿಪಡಿಸಿಲ್ಲ, ಅದು ಚೌಕಾಸಿಯ ವಿಷಯ. 2021-22ರ ನೂಕುನುಗ್ಗಲಿನಲ್ಲಿ ಜನ ಹತ್ತಾರು ಸಾವಿರ ಡಾಲರ್ ಸುರಿದರು, ಆ ಜ್ವರ ಈಗ ಇಳಿದಿದೆ. ಅಂದು ನಾನೂ 10,000 ಡಾಲರ್ ಕೊಟ್ಟು ಒಂದು ಮನೆ ಹಿಡಿದೆ; ತಪಾಸಣೆಯವರು ನೆಲದಡಿಯ ಕ್ರಾಲ್ ಸ್ಪೇಸ್‌ಗೆ ತೆವಳಿಕೊಂಡು ಹೋಗಿ, ತೇವಕ್ಕೆ ಕೊಳೆತಿದ್ದ ತೊಲೆಗಳ ಚಿತ್ರ ತಂದು ತೋರಿಸಿದರು. ಮನೆಯನ್ನೂ ಬಿಟ್ಟೆ, ಹಣವನ್ನೂ ಬಿಟ್ಟೆ. ಆದ್ದರಿಂದ ಆ ಮನೆ ಮಾರಾಟಕ್ಕೆ ಬಂದು ಎಷ್ಟು ದಿನವಾಯಿತೆಂದು ಮೊದಲು ಕೇಳಿ. ತಿಂಗಳು ಕಳೆದಿದ್ದರೆ 15,000 ಡಾಲರ್ ಕೊಡಲು ಕಾರಣವೇ ಇಲ್ಲ. ಬಿಲ್ಡರ್‌ನಿಂದ ಹೊಸ ಮನೆ ಕೊಳ್ಳುವುದಾದರೆ ಒಪ್ಪಂದದ ಪತ್ರ ಅವರದೇ ಇರುತ್ತದೆ, ಈ ಅವಧಿಯ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಕ್ಲೋಸಿಂಗ್, ಅಂದರೆ ಖರೀದಿಯ ಕೊನೆಯ ಹಂತದ ಪತ್ರ ವ್ಯವಹಾರ, ಮಾಡಿಸುವವರು ಹೇಗೂ ವಕೀಲರೇ, ಸಹಿಗೆ ಮುನ್ನವೇ ಅವರನ್ನು ಗೊತ್ತುಮಾಡಿಕೊಂಡು ಪತ್ರವನ್ನು ಓದಿಸಿ.

ನನ್ನ ಮತ ಕೇಳಿದರೆ, ಮೊದಲ ವರ್ಷ ಬಾಡಿಗೆಗಿರಿ.

ಏಪೆಕ್ಸ್‌ನ ಮಲೆನಾಡಿಗಳು:

ಹಳಬರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಏಳನೆಯ ತರಗತಿಯ ಹುಡುಗನನ್ನು ಈ ವರ್ಷ ಒಂದು ಶಾಲೆಗೆ, ಮನೆ ಕೊಂಡ ಮೇಲೆ ಮತ್ತೊಂದಕ್ಕೆ ಸೇರಿಸಿದರೆ ಅವನಿಗೆ ಗೆಳೆಯರೆಂಬುವರು ಉಳಿಯುವುದಿಲ್ಲ. ನಮ್ಮ ಮಗಳ ವಿಷಯದಲ್ಲಿ ಆ ತಪ್ಪು ಮಾಡಿ ಅನುಭವಿಸಿದ್ದೇವೆ. ಬಾಡಿಗೆ ಹಿಡಿಯುವುದಾದರೂ, ಮುಂದೆ ಕೊಳ್ಳಬೇಕೆಂದಿರುವ ಶಾಲಾ ವ್ಯಾಪ್ತಿಯಲ್ಲೇ ಹಿಡಿಯಿರಿ.

ಆ ವ್ಯಾಪ್ತಿ ತಿಳಿಯುವುದೂ ಸುಲಭವಲ್ಲ. ರಾಲಿ, ಕ್ಯಾರಿಗಳಿರುವ ವೇಕ್ ಕೌಂಟಿಯ ಜನಸಂಖ್ಯೆ 2010ರಲ್ಲಿ 9 ಲಕ್ಷ ಇದ್ದದ್ದು 2020ಕ್ಕೆ 11 ಲಕ್ಷ ದಾಟಿತು. ಶಾಲೆಗಳು ಆ ವೇಗಕ್ಕೆ ಹಿಗ್ಗಲಿಲ್ಲ. ತುಂಬಿಹೋದ ಶಾಲೆಗಳಿಗೆ ಮಿತಿ ಹಾಕಿರುತ್ತಾರೆ. ಶಾಲೆ ನಿಮ್ಮ ಬೀದಿಯ ತುದಿಯಲ್ಲೇ ಇದ್ದರೂ, ಮಿತಿ ಜಾರಿಯಾದ ಮೇಲೆ ಬಂದವರ ಮಕ್ಕಳನ್ನು ದೂರದ ಇನ್ನೊಂದಕ್ಕೆ ಕಳುಹಿಸುತ್ತಾರೆ. ಮಾರಾಟದ ಜಾಹೀರಾತಿನಲ್ಲಿರುವ ಶಾಲೆಯ ಹೆಸರನ್ನು ನಂಬದೆ, ಮನೆಯ ಪೂರ್ಣ ವಿಳಾಸವನ್ನು ಶಾಲಾ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿ. ಅಂಚೆ ವಿಳಾಸದಲ್ಲಿ ಕ್ಯಾರಿ ಎಂದಿದ್ದರೂ ಪಶ್ಚಿಮದ ಕೆಲವು ಬಡಾವಣೆಗಳು ಚಾಥಮ್ ಕೌಂಟಿಗೆ ಸೇರಿವೆ. ಅಲ್ಲಿಯವರಿಗೆ ಶಾಲೆಯೂ ತೆರಿಗೆಯೂ ಬೇರೆ.

ಇನ್ನೊಂದು ಸಂಗತಿ ನ್ಯೂಜೆರ್ಸಿಯವರಿಗೆ ಹೊಳೆಯುವುದಿಲ್ಲ. ಇಲ್ಲಿನ ಹಲವು ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳು ವರ್ಷಪೂರ್ತಿ ನಡೆಯುತ್ತವೆ: ಸುಮಾರು 45 ದಿನ ಪಾಠ, 15 ದಿನ ರಜೆ. ಅವು ಜುಲೈನಲ್ಲೇ ಆರಂಭವಾಗುವುದರಿಂದ, ಜೂನ್‌ನಲ್ಲಿ ಬಂದಿಳಿಯುವ ನಿಮಗೆ ಪೆಟ್ಟಿಗೆ ಬಿಚ್ಚಲೂ ಬಿಡುವಿರಲಿಕ್ಕಿಲ್ಲ. ಮಗನ ಶಾಲೆ ಒಂದು ಪದ್ಧತಿ, ಮಗಳದು ಇನ್ನೊಂದಾದರೆ ಇಬ್ಬರಿಗೂ ಕೂಡಿ ಬರುವ ರಜೆಯಲ್ಲಿ ಊರಿಗೆ ಹೋಗುವುದು ಹೇಗೆಂದು ಈಗಲೇ ಯೋಚಿಸಿ.

ಮಾರಿಸ್ವಿಲ್ ಅಜ್ಜ:

ನಾನು ನಿಮ್ಮ ಅತ್ತೆಯವರ ಪಕ್ಷದವನು. ಕ್ಯಾರಿ ಎಂಬುದು ನಮ್ಮವರ ಬಾಯಲ್ಲಿ ಕೇರಿಯೇ ಆಗಿದೆ, ಆದರೆ ಆ ಮಾತಿನಿಂದ ಮೋಸಹೋಗಬೇಡಿ. ಕಾರಿಲ್ಲದವರು ಬಡಾವಣೆಯಿಂದ ಹೊರಗೆ ಕಾಲಿಡುವುದು ಇಲ್ಲಿ ಕಷ್ಟ. 2009ರಲ್ಲಿ ತೆರೆದ ವೆಂಕಟೇಶ್ವರ ದೇವಸ್ಥಾನ ಕ್ಯಾರಿಯಲ್ಲೇ ಇದೆ, 2022ರಲ್ಲಿ 87 ಅಡಿಯ ರಾಜಗೋಪುರವೂ ಎದ್ದಿತು. ಎರಡು ಮೈಲಿ ಎಂದು ನಕ್ಷೆ ತೋರಿಸಿದರೂ ಮಧ್ಯದಲ್ಲಿ ಪಾದಚಾರಿ ಹಾದಿ ಎಲ್ಲಿ ಮುಗಿದುಹೋಗುತ್ತದೆ, ಎಷ್ಟು ಲೇನಿನ ರಸ್ತೆ ದಾಟಬೇಕು ಎಂಬುದನ್ನು ನೀವೇ ಒಮ್ಮೆ ನಡೆದು ನೋಡಿ. ಕ್ಯಾರಿಯ ಪಕ್ಕದ ನಮ್ಮ ಮಾರಿಸ್ವಿಲ್‌ನಲ್ಲಿ 2021ರಿಂದ ಕರೆದರೆ ಬರುವ ಉಚಿತ ಶಟಲ್ ಇದೆ, ಅದು ಗೊತ್ತುಪಡಿಸಿದ ನಿಲ್ದಾಣಗಳ ನಡುವೆ ಮಾತ್ರ ಓಡುತ್ತದೆ. ನನ್ನ ತಿರುಗಾಟವೆಲ್ಲ ಅದರಲ್ಲೇ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಕೆಲವು ಮನೆಗಳ ನೆತ್ತಿಯ ಮೇಲೆ ವಿಮಾನಗಳು ಹಾರುತ್ತವೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಮಲಗುವ ಕೋಣೆ, ಸ್ನಾನದ ಮನೆ ಎರಡೂ ಕೆಳಮಹಡಿಯಲ್ಲೇ ಇರಲಿ. ಪೂರ್ವದ ಬಾಗಿಲಿಗಿಂತ ಮಂಡಿಗೆ ಅದು ಮುಖ್ಯ.

ಹಾಸನದ ಸೊಸೆ:

ಮೂವರಿಗೂ ಅನಂತ ವಂದನೆಗಳು. ವಿಚಾರಿಸಿದೆ: ಆ ಮನೆ ಮಾರಾಟಕ್ಕೆ ಬಂದು 41 ದಿನಗಳಾಗಿವೆ, ಅಲ್ಲಿನ ಶಾಲೆಗೆ ಮಿತಿಯೂ ಇದೆ, ಅತ್ತೆಯವರಿಗೆಂದು ನೋಡಿದ್ದ ಕೋಣೆ ಮೇಲ್ಮಹಡಿಯದು. ಅದನ್ನು ಕೈಬಿಟ್ಟಿದ್ದೇವೆ. ಅಜ್ಜನವರೇ, ಶಟಲ್ ನಿಲ್ದಾಣದ ಸಮೀಪದಲ್ಲಿ ಬಾಡಿಗೆಗೆ ಸಿಗುವ ಟೌನ್‌ಹೋಮ್‌ಗಳಲ್ಲಿ ಕೆಳಗೇ ಕೋಣೆಯಿರುವಂಥವು ಇವೆಯೇ?

ಮಾರಿಸ್ವಿಲ್ ಅಜ್ಜ:

ಇವೆ, ಆದರೆ ಕಡಿಮೆ. ಸ್ನಾನದ ಮನೆಯೂ ಕೆಳಗೇ ಇದೆಯೇ ಎಂದು ಬಿಡಿಸಿ ಕೇಳಿ. ಬರಿಯ ಶೌಚಾಲಯವಿಟ್ಟು ಕೈತೊಳೆದುಕೊಂಡ ಮನೆಗಳೇ ಹೆಚ್ಚು.